ಮುಂಬೈ, ಪುಣೆ, ಗೋವಾ ಸೀನರಿ ಪ್ಯಾಕ್: ದುಡ್ಡು ಕೊಡುವ ಮುಂಚೆ ನೆಲ ನೋಡಿ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರಿಗೆ, ಅಂದರೆ ಸಿಮ್‌ಗೆ, ನಿಜವಾದ ಏರ್‌ಪೋರ್ಟಿನ ಮಾದರಿ ಸೇರಿಸುವ ಫೈಲುಗಳೇ ಸೀನರಿ ಪ್ಯಾಕ್. ಮುಂಬೈ ಏರ್‌ಪೋರ್ಟ್ ಸೀನರಿಯ ಜಾಹೀರಾತು ತೆರೆದರೆ ಸಾಮಾನ್ಯವಾಗಿ ಮೊದಲು ಸಿಗುವ ಚಿತ್ರ ಟರ್ಮಿನಲ್ 2ರ ಚಾವಣಿ ಹೊತ್ತು ನಿಂತ ಬಿಳಿ ಅಣಬೆ ಕಂಬಗಳದ್ದು. ಆಮೇಲೆ ಸಂಜೆ ಬೆಳಕಿನಲ್ಲಿ ಕಂಟ್ರೋಲ್ ಟವರ್. ಅದಾದ ಮೇಲೆ ಏರೋಬ್ರಿಡ್ಜಿಗೆ ಅಂಟಿಕೊಂಡ ಒಂದು ಬೋಯಿಂಗ್ 777. ರನ್‌ವೇ 27ರ ಥ್ರೆಶೋಲ್ಡ್, ಅಂದರೆ ವಿಮಾನ ಇಳಿಯುವ ತುದಿ, ಇನ್ನೂರು ಅಡಿ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರ ಹುಡುಕಿದರೂ ಸಿಗುವುದಿಲ್ಲ. ಮನೆಯಲ್ಲಿ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದು ಕೂತವನು ಆ ಕಂಬಗಳನ್ನು ಖರೀದಿಸಿದ ದಿನ ಒಂದು ಸಲ ನೋಡುತ್ತಾನೆ. ಥ್ರೆಶೋಲ್ಡನ್ನು ಪ್ರತಿ ಲ್ಯಾಂಡಿಂಗ್‌ಗೂ ನೋಡುತ್ತಾನೆ.

ಹಾಗಾಗಿ ಇಲ್ಲಿ ಪ್ಯಾಕ್‌ಗಳನ್ನು ಅಳೆದಿರುವುದು ನೆಲದ ಲೆಕ್ಕದಲ್ಲಿ. ರನ್‌ವೇ ಇರಬೇಕಾದ ಜಾಗದಲ್ಲಿ, ಇರಬೇಕಾದ ಎತ್ತರದಲ್ಲಿ ಇದೆಯೇ, ನೆಲದ ಮೇಲೆ ಓಡಾಡುವ ದಾರಿಯಾದ ಟ್ಯಾಕ್ಸಿವೇಯ ಗೆರೆ ವಿಮಾನವನ್ನು ಸರಿಯಾದ ಸ್ಟ್ಯಾಂಡಿಗೆ, ಅಂದರೆ ನಿಲ್ಲುವ ಜಾಗಕ್ಕೆ, ಒಯ್ಯುತ್ತದೆಯೇ, ಬೇಲಿಯಾಚೆಗಿನ ಊರು ಊರಿನ ಹಾಗೆ ಕಾಣುತ್ತದೆಯೇ. ಇವಿಷ್ಟು ಸರಿಯಿದ್ದರೆ ಟರ್ಮಿನಲ್ ಬರೀ ಡಬ್ಬವಾಗಿದ್ದರೂ ನಡೆಯುತ್ತದೆ. ಪ್ಯಾಕ್‌ಗಳ ಹೆಸರು ಹೇಳುತ್ತಿಲ್ಲ. ಅಪ್‌ಡೇಟ್ ಬಂದ ಹಾಗೆ ತಪ್ಪು ಸರಿಯಾಗುತ್ತದೆ, ಸರಿಯಿದ್ದದ್ದು ಕೆಡುತ್ತದೆ. ನಿಮ್ಮ ಕೈಗೆ ಬಂದ ಆವೃತ್ತಿಯನ್ನು ನೀವೇ ಪರೀಕ್ಷಿಸಲು ಬಂದರೆ ಸಾಕು.

ಮುಂಬೈ

ವಿಎಬಿಬಿ ಎಂಬ ಕೋಡಿನ ಮುಂಬೈ ಏರ್‌ಪೋರ್ಟಿನಲ್ಲಿ ಎರಡು ರನ್‌ವೇ, ಒಂದನ್ನೊಂದು ಕತ್ತರಿಸುತ್ತವೆ. ತುದಿಗಳ ದಿಕ್ಕಿನ ಸಂಖ್ಯೆಯೇ ಅವುಗಳ ಹೆಸರು. 09/27 ಉದ್ದ 3,448 ಮೀಟರ್, ಅಗಲ 60. 14/32 ಉದ್ದ 2,871 ಮೀಟರ್, ಅಗಲ 45. ಕತ್ತರಿಸುವ ಕಾರಣಕ್ಕೆ ಎರಡನ್ನೂ ಒಟ್ಟಿಗೆ ಬಳಸಲಾಗುವುದಿಲ್ಲ. ವ್ಯವಹಾರವೆಲ್ಲ ಬಹುಪಾಲು ಒಂದೇ ರನ್‌ವೇ ಮೇಲೆ ನಡೆಯುತ್ತದೆ, ಅದರಲ್ಲೇ 2018ರಲ್ಲಿ ದಿನಕ್ಕೆ ಸಾವಿರಕ್ಕೂ ಹೆಚ್ಚು ವಿಮಾನಗಳು ಹತ್ತಿಳಿದದ್ದುಂಟು. ಸೀನರಿಗೆ ಇದರಿಂದ ಬರುವ ಪರೀಕ್ಷೆ ಎರಡು.

ಮೊದಲನೆಯದು ಆ ಕೂಡುವ ಜಾಗ. ಎರಡು ಡಾಂಬರು ಪಟ್ಟಿ ಒಂದರ ಮೇಲೊಂದು ಬಿದ್ದಾಗ ಯಾವುದು ಮೇಲೆ ಎಂದು ಸಿಮ್‌ಗೆ ಹೇಳಿಕೊಡಬೇಕು. ಹೇಳದಿದ್ದರೆ ಕೂಡುವಲ್ಲಿ ಚೌಕಾಕಾರದ ತೇಪೆಯೊಂದು ಮಿನುಗುತ್ತದೆ, ಕ್ಯಾಮೆರಾ ಕದಲಿದಂತೆ ಕರಿ–ಬೂದಿ ಬಣ್ಣ ಅದಲುಬದಲಾಗುತ್ತದೆ. ಗುರುತುಗಳ ಕಥೆಯೂ ಇದೇ. ಕೂಡುವ ಜಾಗದಲ್ಲಿ ಮುಖ್ಯ ರನ್‌ವೇಯ ಗೆರೆಗಳು ಮುಂದುವರಿಯಬೇಕು, ಅಡ್ಡ ರನ್‌ವೇಯ ಅಂಚಿನ ಗೆರೆ ತುಂಡಾಗಬೇಕು. ಎರಡೂ ತುಂಡಾಗದೆ ಕೂಡುಗೆರೆಯಂತೆ ಕಂಡರೆ ಆ ಪ್ಯಾಕ್ ಮಾಡಿದವರು ಸ್ಯಾಟಲೈಟ್ ಚಿತ್ರವನ್ನು ಹತ್ತಿರದಿಂದ ನೋಡಿಲ್ಲ ಎಂದರ್ಥ. ಕೂಡುವಲ್ಲಿ ಉಬ್ಬು ಇದೆಯೇ ಎಂಬುದು ಬೇರೆ ಪ್ರಶ್ನೆ. 27ರಿಂದ ಸುಮಾರು 60 ನಾಟ್ ವೇಗದಲ್ಲಿ ಟ್ಯಾಕ್ಸಿ ಮಾಡುತ್ತಾ ಹೊರಗಿನ ಕ್ಯಾಮೆರಾದಿಂದ ಮುಂಚಕ್ರ ನೋಡಿ. ಅಡ್ಡ ರನ್‌ವೇ ದಾಟುವಾಗ ಚಕ್ರ ಹಾರಿದರೆ ಎರಡು ರನ್‌ವೇಗಳ ಎತ್ತರ ಒಂದಕ್ಕೊಂದು ಹೊಂದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಿಮ್‌ನಲ್ಲಿ ಕೆಲವೊಮ್ಮೆ ಅವಳ ಮಾತೇ ನಿಜ.

ಎರಡನೆಯದು ಓರೆ ತಿರುವುಗಳು, ಅಂದರೆ ರಾಪಿಡ್ ಎಕ್ಸಿಟ್ ಟ್ಯಾಕ್ಸಿವೇ. ಒಂದೇ ರನ್‌ವೇಯಲ್ಲಿ ಇಷ್ಟು ವಿಮಾನ ಹಿಡಿಸಬೇಕಾದರೆ ಇಳಿದದ್ದು ಬೇಗ ಪಕ್ಕಕ್ಕೆ ಸರಿಯಬೇಕು. ಪ್ಯಾಕಿನಲ್ಲಿ ಆ ತಿರುವಿನ ಡಾಂಬರು ಬರೆದಿದ್ದು, ಟ್ಯಾಕ್ಸಿ ಜಾಲದ ಗೆರೆಯನ್ನು ಮಾತ್ರ ತೊಂಬತ್ತು ಡಿಗ್ರಿಯ ಮೂಲೆಗೆ ಜೋಡಿಸಿದ್ದರೆ ಎಐ ವಿಮಾನಗಳು, ಅಂದರೆ ಸಿಮ್ ತಾನೇ ಓಡಿಸುವ ವಿಮಾನಗಳು, ರನ್‌ವೇ ಮೇಲೆ ನಿಂತು, ನಿಧಾನವಾಗಿ ತಿರುಗಿ, ಹಿಂದೆ ಬರುವವರನ್ನೆಲ್ಲ ಗೋ ಅರೌಂಡ್‌ಗೆ, ಅಂದರೆ ಇಳಿಯದೆ ಮತ್ತೆ ಮೇಲೇರಲು, ಅಟ್ಟುತ್ತವೆ. ಕಣ್ಣಿಗೆ ಎಲ್ಲ ಚೆನ್ನಾಗಿರುತ್ತದೆ, ಟ್ರಾಫಿಕ್ ಹಾಕಿದ ದಿನ ಬಣ್ಣ ಬಯಲಾಗುತ್ತದೆ. ಇದನ್ನು ಹಾರದೆಯೂ ನೋಡಬಹುದು. ಲಿಟಲ್ ನ್ಯಾವ್‌ಮ್ಯಾಪ್ ಎಂಬ ಉಚಿತ ಪ್ರೋಗ್ರಾಂ ನಿಮ್ಮ ಸಿಮ್‌ನ ಸೀನರಿ ಲೈಬ್ರರಿಯನ್ನೇ ಓದುತ್ತದೆ. ಪ್ಯಾಕ್ ಹಾಕಿದ ಮೇಲೆ ಲೈಬ್ರರಿಯನ್ನು ಮತ್ತೆ ಲೋಡ್ ಮಾಡಿ, ವಿಎಬಿಬಿಗೆ ಜೂಮ್ ಮಾಡಿ, ಟ್ಯಾಕ್ಸಿ ಗೆರೆಗಳು ತುಂಡಾಗಿವೆಯೇ, ಸ್ಟ್ಯಾಂಡ್‌ಗಳಿಗೆ ತಲುಪುತ್ತವೆಯೇ ನೋಡಿ. ರನ್‌ವೇ ಉದ್ದವನ್ನೂ ಅಲ್ಲೇ ಅಳೆಯಬಹುದು. ಹತ್ತು ಹದಿನೈದು ಮೀಟರ್ ವ್ಯತ್ಯಾಸ ಕ್ಷಮಿಸಿ, ಐವತ್ತು ಬಂದರೆ ಬೇಡ.

ಸ್ಟ್ಯಾಂಡ್ ನೋಡುವಾಗ ಅಲ್ಲಿ ಎಷ್ಟು ದೊಡ್ಡ ವಿಮಾನ ಹಿಡಿಸುತ್ತದೆ ಎಂದು ಹೇಳುವ ವೃತ್ತದ ಅಳತೆಯನ್ನೂ ನೋಡಿ. ಎ320, 737 ಎರಡರ ರೆಕ್ಕೆಯಗಲವೂ ಸುಮಾರು 35.8 ಮೀಟರ್. ಅವಕ್ಕೆ 18 ಮೀಟರ್ ತ್ರಿಜ್ಯ ಬೇಕು. 777–300ಇಆರ್ ರೆಕ್ಕೆ 64.8 ಮೀಟರ್, 33 ಮೀಟರ್ ತ್ರಿಜ್ಯ ಬೇಕು. ಎಲ್ಲ ಸ್ಟ್ಯಾಂಡಿಗೂ 36 ಬರೆದು ಕೈ ತೊಳೆದುಕೊಂಡ ಪ್ಯಾಕಿನಲ್ಲಿ ಎಟಿಆರ್‌ನಂಥ ಚಿಕ್ಕ ವಿಮಾನ ಹೋಗಿ ಜಂಬೋ ಜಾಗದಲ್ಲಿ ನಿಲ್ಲುತ್ತದೆ. ಎಲ್ಲಕ್ಕೂ 18 ಬರೆದ ಪ್ಯಾಕಿನಲ್ಲಿ ದೊಡ್ಡ ವಿಮಾನಗಳು ಕಾಣಿಸುವುದೇ ಇಲ್ಲ. ಸ್ಟ್ಯಾಂಡಿಗೆ ಏರ್‌ಲೈನ್ ಕೋಡ್ ಕೊಡದಿದ್ದರೆ ಏರ್ ಇಂಡಿಯಾ ವಿಮಾನ ಟಿ2 ಬಿಟ್ಟು ಸಾಂತಾಕ್ರೂಜ್ ಕಡೆಯ ಟಿ1ರಲ್ಲಿ ಬಿಡಾರ ಹೂಡುತ್ತದೆ.

ಇನ್ನು ಬೇಲಿಯಾಚೆ. ಮುಂಬೈ ಸೀನರಿಯ ನಿಜವಾದ ಒರೆಗಲ್ಲು ಇದೇ. 27ಕ್ಕೆ ಬರುವವರು ಕೊಪರ್‌ಖೈರಣೆ, ಥಾಣೆ ಖಾರಿ, ಘಾಟ್ಕೋಪರ್ ದಾಟಿ ಬರುತ್ತಾರೆ. ಕೊನೆಯ ಅರ್ಧ ಮೈಲಿಯಲ್ಲಿ ಕೆಳಗಿರುವುದು ಜರಿಮರಿ ಸುತ್ತಲಿನ ವಸತಿ: ತಗಡು, ಸಿಮೆಂಟ್ ಶೀಟು, ಮಳೆಗಾಲಕ್ಕೆ ಹೊದಿಸಿದ ನೀಲಿ ಟಾರ್ಪಾಲು, ಅದರ ಮೇಲೆ ಟೈರು, ಇಟ್ಟಿಗೆ. ಮನೆಗೂ ಮನೆಗೂ ನಡುವೆ ಜಾಗವೇ ಇಲ್ಲ, ಗೋಡೆಯ ತನಕ ಒತ್ತಿಕೊಂಡು ಬಂದಿವೆ. ಸಿಮ್ ತಾನಾಗಿ ಹುಟ್ಟಿಸುವ ಆಟೋಜೆನ್‌ಗೆ ಈ ಲೋಕ ಗೊತ್ತಿಲ್ಲ. ಇಡೀ ಓಣಿಯನ್ನು ಒಂದೇ ಚಾವಣಿ ಎಂದು ತಿಳಿದು ಗೋದಾಮು ನಿಲ್ಲಿಸುತ್ತದೆ, ಇಲ್ಲವೇ ಇಳಿಜಾರು ಹೆಂಚಿನ ಮನೆ, ಅಂಗಳದಲ್ಲಿ ಮರ, ಯಾವುದೋ ಚಳಿದೇಶದ ಹಳ್ಳಿಯಂತೆ ಜೋಡಿಸುತ್ತದೆ. ಒಳ್ಳೆಯ ಪ್ಯಾಕ್ ಥ್ರೆಶೋಲ್ಡಿನಿಂದ ಕನಿಷ್ಠ ಒಂದು ಕಿಲೋಮೀಟರ್ ಆಟೋಜೆನ್ ಅಳಿಸಿ ಅಲ್ಲಿ ಸ್ವಂತ ಮಾದರಿಗಳನ್ನು ಹಾಕಿರುತ್ತದೆ. ಅಳಿಸಿ ಏನೂ ಹಾಕದವರೂ ಇದ್ದಾರೆ. ಅಂಥ ಕಡೆ ಸ್ಯಾಟಲೈಟ್ ಚಿತ್ರ ಚಪ್ಪಟೆಯಾಗಿ, ಮೇಲಿನಿಂದ ಚೆಂದವಾಗಿ, ಇನ್ನೂರು ಅಡಿಗೆ ಬಂದಾಗ ಚಾಪೆಯ ಮೇಲೆ ಬರೆದ ರಂಗೋಲಿಯಂತೆ ಕಾಣುತ್ತದೆ. ದೂರದ ಬೆಟ್ಟ ನುಣ್ಣಗೆ.

ಎತ್ತರದ ಅಂದಾಜು ಕೆಡುವುದೂ ಇಲ್ಲೇ. ಇಳಿಯುವಾಗ ಕಣ್ಣು ಪಕ್ಕದ ಕಟ್ಟಡಗಳ ಎತ್ತರ ನೋಡಿ ಫ್ಲೇರ್, ಅಂದರೆ ನೆಲ ಮುಟ್ಟುವ ಮುನ್ನ ಮೂಗು ಎತ್ತುವುದನ್ನು, ಶುರುಮಾಡುತ್ತದೆ. ಎರಡಂತಸ್ತಿನ ಮನೆ ಇರಬೇಕಾದಲ್ಲಿ ಏನೂ ಇಲ್ಲದಿದ್ದರೆ ಇನ್ನೂ ಎತ್ತರದಲ್ಲಿದ್ದೇವೆ ಅನಿಸಿ ತಡವಾಗಿ ಎಳೆಯುತ್ತೀರಿ.

ಮೀಠಿ ನದಿಯನ್ನು ಮರೆಯಬಾರದು. ಪವಯಿ ಕಡೆಯಿಂದ ಬಂದು ಏರ್‌ಪೋರ್ಟಿನ ರನ್‌ವೇ ಕೆಳಗೇ ಹಾದು ಕುರ್ಲಾ ಕಡೆ ಹೋಗುವ ನದಿ ಅದು. ನಕ್ಷೆಯ ದತ್ತಾಂಶದಲ್ಲಿ ಅದು ಅಖಂಡ ನೀಲಿ ಗೆರೆ. ಸುರಂಗದ ಭಾಗ ಬಿಡಿಸಿ ಹೇಳದಿದ್ದರೆ ಸಿಮ್ ರನ್‌ವೇ ಪಕ್ಕದ ಹುಲ್ಲಿನ ಮೇಲೆ ನೀರಿನ ಪಟ್ಟಿ ಹರಿಸುತ್ತದೆ, ಅಥವಾ ನೀರಿನ ಮಟ್ಟಕ್ಕೆ ನೆಲವನ್ನು ಕುಗ್ಗಿಸುತ್ತದೆ. ಡ್ರೋನ್ ಕ್ಯಾಮೆರಾದಲ್ಲಿ ರನ್‌ವೇಯ ಎರಡೂ ಅಂಚಿನಗುಂಟ ಒಮ್ಮೆ ಸುತ್ತಿ ಬನ್ನಿ. ನೀರು ರನ್‌ವೇ ಬೇಲಿಯೊಳಗೆ ಬಂದಿದ್ದರೆ ಆ ಪ್ಯಾಕಿನಲ್ಲಿ ವಾಟರ್ ಮಾಸ್ಕ್ (ನೀರು ಎಲ್ಲೆಲ್ಲಿ ಎಂಬ ಗುರುತು) ತಿದ್ದಿಲ್ಲ.

09ಕ್ಕೆ ಕಡಲ ಕಡೆಯಿಂದ ಬರುವಾಗ ಜುಹು ಏರೋಡ್ರೋಮ್ ಮೊದಲು ಸಿಗುತ್ತದೆ, ಎಡಗಡೆಗೆ, ಹೆಚ್ಚುಕಡಿಮೆ ಅದೇ ದಿಕ್ಕಿನ 08/26 ರನ್‌ವೇ ಇಟ್ಟುಕೊಂಡು. ನಿಜಜೀವನದಲ್ಲೇ 1972ರಲ್ಲಿ ಜಪಾನ್ ಏರ್‌ಲೈನ್ಸಿನ ಡಿಸಿ–8 ಇದನ್ನು ಸಾಂತಾಕ್ರೂಜ್ ಎಂದುಕೊಂಡು ಇಲ್ಲಿಗೇ ಇಳಿದು ರನ್‌ವೇ ಮೀರಿ ಹೋಯಿತು. ಹಾಗಾಗಿ ಮುಂಬೈ ಪ್ಯಾಕ್ ಜುಹುವನ್ನು ಬಿಟ್ಟಿದ್ದರೆ ಒಂದು ನಷ್ಟ, ಅದಕ್ಕಿಂತ ದೊಡ್ಡ ನಷ್ಟ ಅದರ ಮೇಲೆ ತನ್ನ ಆರ್ಥೋ ಚಿತ್ರ, ಅಂದರೆ ಮೇಲಿನಿಂದ ತೆಗೆದ ನೆಲದ ಫೋಟೊ, ಹಾಸಿ, ಸಿಮ್ ಕೊಟ್ಟಿದ್ದ ಜುಹುವನ್ನೂ ಹೂತುಹಾಕುವುದು. ವಿಎಜೆಜೆಯಲ್ಲಿ (ಜುಹುವಿನ ಕೋಡ್) ಸೆಸ್ನಾ ಎಂಬ ಚಿಕ್ಕ ವಿಮಾನವೊಂದನ್ನು ಇಟ್ಟು ಶುರುಮಾಡಿ ನೋಡಿ. ಚಕ್ರ ನೆಲದಲ್ಲಿ ಹೂತಿದ್ದರೆ ಅದೇ ಆಗಿದೆ.

14/32ರ ಗೆರೆಯಲ್ಲೇ, ಆಗ್ನೇಯಕ್ಕೆ, ಟ್ರಾಂಬೆ ಬೆಟ್ಟವಿದೆ. 32ರ ಅಪ್ರೋಚಿನಲ್ಲಿ ಅದು ಕಣ್ಣಿಗೆ ರಾಚಬೇಕು. ಮೆಶ್, ಅಂದರೆ ನೆಲದ ಏರಿಳಿತದ ಮಾದರಿ, ಒರಟಾಗಿದ್ದರೆ ಅದು ಗುಡ್ಡೆ ಹಾಕಿದ ಹಿಟ್ಟಿನಂತೆ ದುಂಡಾಗಿರುತ್ತದೆ. ಇದು ಪ್ಯಾಕಿನ ತಪ್ಪಲ್ಲ, ಬೇರೆ ಮೆಶ್ ಬೇಕು.

ಟರ್ಮಿನಲ್ ಬಗ್ಗೆ ಎರಡೇ ಮಾತು. ಟಿ2 ತೆರೆದದ್ದು 2014ರಲ್ಲಿ. ಅದಕ್ಕೂ ಹಿಂದಿನ ಹಳೇ ಪ್ಯಾಕ್‌ಗಳನ್ನು ಹೊಸ ಸಿಮ್‌ಗೆ ಪರಿವರ್ತಿಸಿ ಹಂಚುವವರಿದ್ದಾರೆ, ಎಚ್ಚರ. ಟವರ್ ಎತ್ತರ 83.8 ಮೀಟರ್, ಅಡ್ಡಕೊಯ್ತ ಮೂಲೆ ದುಂಡಗಿನ ತ್ರಿಕೋನ. ಅದನ್ನು ಸಿಲಿಂಡರ್ ಮಾಡಿದ್ದರೆ ಉಳಿದದ್ದರಲ್ಲೂ ಅದೇ ಸೋಮಾರಿತನ ನಿರೀಕ್ಷಿಸಿ. ವಿಲೆ ಪಾರ್ಲೆಯ ಬಿಸ್ಕತ್ತಿನ ವಾಸನೆ ಯಾವ ಪ್ಯಾಕಿನಲ್ಲೂ ಬರುವುದಿಲ್ಲ. ಆ ಕಾರ್ಖಾನೆಯೇ 2016ರಲ್ಲಿ ಮುಚ್ಚಿತು ಬಿಡಿ.

ಎತ್ತರ, ದೀಪ, ಮಳೆ

ಮೂರೂ ಊರಿಗೆ ಅನ್ವಯಿಸುವ ಪರೀಕ್ಷೆ ಇದು, ಅರ್ಧ ಗಂಟೆ ಸಾಕು. ಹವಾಮಾನವನ್ನು ಸ್ಟ್ಯಾಂಡರ್ಡ್‌ಗೆ ಇಟ್ಟು, ಒತ್ತಡ 1013.25 ಮಾಡಿ, ವಿಮಾನವನ್ನು ಥ್ರೆಶೋಲ್ಡಿನ ಮೇಲೆ ನಿಲ್ಲಿಸಿ ಆಲ್ಟಿಮೀಟರ್ ಓದಿ. ಮುಂಬೈಯಲ್ಲಿ ನಲವತ್ತು ಅಡಿ ಆಸುಪಾಸು, ಪುಣೆಯಲ್ಲಿ 1,942 ಅಡಿ ಆಸುಪಾಸು ಬರಬೇಕು. ಪ್ರಕಟಿತ ಎತ್ತರ ಇಳಿದಾಣದ ಅತಿ ಎತ್ತರದ ಬಿಂದುವಿನದ್ದು, ಆದ್ದರಿಂದ ತುದಿಗಳಲ್ಲಿ ಸ್ವಲ್ಪ ಕಡಿಮೆ ತೋರಿಸುವುದು ಸರಿ. ಹೆಚ್ಚು ತೋರಿಸಿದರೆ ಮಾತ್ರ ಅನುಮಾನಪಡಿ. ಆಲ್ಟಿಮೀಟರ್ ನಿಮ್ಮ ಕಣ್ಣೆತ್ತರವನ್ನಾಗಲೀ ಕಾಕ್‌ಪಿಟ್ಟಿನ ಎತ್ತರವನ್ನಾಗಲೀ ಸ್ವಲ್ಪ ಸೇರಿಸಬಹುದು, ಅದನ್ನು ಕಳೆಯಿರಿ.

ಆಮೇಲೆ ಐಎಲ್‌ಎಸ್, ಅಂದರೆ ಇಳಿಯುವ ದಾರಿ ತೋರಿಸುವ ರೇಡಿಯೋ ವ್ಯವಸ್ಥೆ, ಹಿಡಿದು ಇಳಿಯಿರಿ. ಮೂರು ಡಿಗ್ರಿ ಗ್ಲೈಡ್‌ಸ್ಲೋಪ್ (ಇಳಿಯುವ ಓರೆ) ಎಂದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 318 ಅಡಿ. ಮೂರು ಮೈಲಿಯಲ್ಲಿ ರನ್‌ವೇಗಿಂತ ಸಾವಿರ ಅಡಿ ಮೇಲೆ ಇರಬೇಕು, ಆಗ ಇಳಿಯುವ ಎತ್ತರ ಸರಿಯೇ ಎಂದು ತೋರಿಸುವ ಪಾಪಿ (ಪಿಎಪಿಐ) ದೀಪ ಎರಡು ಬಿಳಿ ಎರಡು ಕೆಂಪು ತೋರಿಸಬೇಕು. ಗ್ಲೈಡ್‌ಸ್ಲೋಪ್ ಸೂಜಿ ನಡುವೆ ಇದ್ದು ಪಾಪಿ ನಾಲ್ಕೂ ಬಿಳಿ ಬಂದರೆ ಪ್ಯಾಕಿನವರು ರನ್‌ವೇ ಸರಿಸಿ ಐಎಲ್‌ಎಸ್ ಸರಿಸಲು ಮರೆತಿದ್ದಾರೆ, ಅಥವಾ ಪಾಪಿಯನ್ನು ತಪ್ಪು ಜಾಗದಲ್ಲಿ ಕೂರಿಸಿದ್ದಾರೆ. ಲೋಕಲೈಸರ್ (ಐಎಲ್‌ಎಸ್‌ನ ಎಡಬಲ ಸೂಚಕ) ಹಿಡಿದು ಬಂದರೂ ಮೂಗು ಸೆಂಟರ್‌ಲೈನಿನ ಎಡಕ್ಕೋ ಬಲಕ್ಕೋ ಹತ್ತು ಮೀಟರ್ ಸರಿದು ಇಳಿಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದು: ಪ್ಯಾಕಿನ ರನ್‌ವೇಯನ್ನು ಸ್ಯಾಟಲೈಟ್ ಚಿತ್ರಕ್ಕೆ ಹೊಂದಿಸಿದ್ದಾರೆ, ಆ ಚಿತ್ರವೇ ಓರೆಯಾಗಿ ತೆಗೆದದ್ದು. ನ್ಯಾವಿಗ್ರಾಫ್‌ನಂಥ, ಚಂದಾ ಕಟ್ಟಿ ಪಡೆಯುವ ನ್ಯಾವಿಗೇಶನ್ ದತ್ತಾಂಶ ಬಳಸುವವರಿಗೆ ಇನ್ನೊಂದು ತೊಡಕು. 28 ದಿನಕ್ಕೊಮ್ಮೆ ಬರುವ ಆ ದತ್ತಾಂಶ ಐಎಲ್‌ಎಸ್ ಅನ್ನು ನಿಜವಾದ ಜಾಗಕ್ಕೆ ತಂದಿಡುತ್ತದೆ, ಪ್ಯಾಕಿನ ರನ್‌ವೇ ತಪ್ಪು ಜಾಗದಲ್ಲಿ ಉಳಿಯುತ್ತದೆ. ಬೈಗುಳ ದತ್ತಾಂಶಕ್ಕೆ ಬೀಳುತ್ತದೆ.

ರಾತ್ರಿ ದೀಪ ಎಣಿಸಿ. ರನ್‌ವೇ ಅಂಚಿನ ಬಿಳಿ ದೀಪ ಕೊನೆಯ 600 ಮೀಟರಿನಲ್ಲಿ ಹಳದಿಯಾಗಬೇಕು. ಸೆಂಟರ್‌ಲೈನ್ ದೀಪ ಇರುವ ರನ್‌ವೇಯಲ್ಲಿ ಕೊನೆಯ 900 ಮೀಟರಿನಿಂದ ಕೆಂಪು–ಬಿಳಿ ಒಂದಾದ ಮೇಲೊಂದು, ಕೊನೆಯ 300 ಮೀಟರ್ ಪೂರ್ತಿ ಕೆಂಪು. ಓರೆ ತಿರುವಿನ ದೀಪ ಹಸಿರು–ಹಳದಿ. ಇಷ್ಟನ್ನು ಸರಿ ಮಾಡಿದ ಪ್ಯಾಕಿಗೆ ಅರ್ಧ ಅಂಕ ಅಲ್ಲೇ ಕೊಡಬಹುದು. ಏಪ್ರನ್ (ವಿಮಾನ ನಿಲ್ಲುವ ಅಂಗಳ) ದೀಪದ ಬೆಳಕನ್ನು ನೆಲದ ಚಿತ್ರದಲ್ಲೇ ಬಳಿದಿದ್ದಾರೆಯೇ ಎಂದು ಗೊತ್ತುಮಾಡಲು ಸಂಜೆ ಆರೂವರೆಯಿಂದ ಏಳೂವರೆ ತನಕ ಸಮಯವನ್ನು ಮೆಲ್ಲಗೆ ಓಡಿಸಿ. ಬಳಿದ ಬೆಳಕಾದರೆ ವಿಮಾನ ಅದರ ಮೇಲೆ ಬಂದರೂ ರೆಕ್ಕೆಗೆ ಬೆಳಕು ಬೀಳುವುದಿಲ್ಲ, ನೆಲ ಮಾತ್ರ ಹೊಳೆಯುತ್ತದೆ, ರೆಕ್ಕೆ ಕತ್ತಲಲ್ಲಿ ತೇಲುತ್ತದೆ.

ಈ ಕರಾವಳಿಯ ಏರ್‌ಪೋರ್ಟನ್ನು ಬಿಸಿಲಲ್ಲಿ ಮಾತ್ರ ಪರೀಕ್ಷಿಸಿದರೆ ಅರ್ಧ ಪರೀಕ್ಷೆ. ಜುಲೈ ತಿಂಗಳಿಟ್ಟು ಜೋರು ಮಳೆ ಹಾಕಿ. ಡಾಂಬರು ಒದ್ದೆಯಾಗಿ ದೀಪ ಪ್ರತಿಫಲಿಸಬೇಕು. ರಬ್ಬರ್ ಕಲೆ, ಎಣ್ಣೆ ಕಲೆ, ಬಿರುಕು ಇವನ್ನೆಲ್ಲ ಮೇಲಿನಿಂದ ಅಂಟಿಸಿದ ಡೆಕಲ್ ಆಗಿ ಮಾಡಿರುತ್ತಾರೆ. ಅವುಗಳ ಮೆಟೀರಿಯಲ್ ಬೇರೆಯಾಗಿದ್ದರೆ ಮಳೆಯಲ್ಲಿ ಸುತ್ತ ನೆಲ ಹೊಳೆಯುವಾಗ ಕಲೆಯ ಚೌಕ ಮಾತ್ರ ಒಣಗಿ ಕೂತಿರುತ್ತದೆ. ಇಡೀ ಟಚ್‌ಡೌನ್ ಜಾಗ ಆಯತಾಕಾರದ ಒಣ ಚಾಪೆಗಳಂತೆ ಕಂಡರೆ ಪ್ಯಾಕ್ ಮಾಡಿದವರ ಊರಲ್ಲಿ ಮಳೆ ಬರುವುದಿಲ್ಲ ಎಂದುಕೊಳ್ಳಿ. ಹುಲ್ಲಿನ ಬಣ್ಣವೂ ಇದೇ ತಕರಾರು. ಸ್ಯಾಟಲೈಟ್ ಚಿತ್ರ ಮೋಡವಿಲ್ಲದ ತಿಂಗಳಲ್ಲಿ ತೆಗೆದದ್ದು, ಅಂದರೆ ನೆಲವೆಲ್ಲ ಕಂದು. ಅದರ ಮೇಲೆ 3ಡಿ ಹುಲ್ಲು ಮಾತ್ರ ಹಚ್ಚಹಸಿರು ನೆಟ್ಟರೆ ಒಣ ಗದ್ದೆಯಲ್ಲಿ ಪ್ಲಾಸ್ಟಿಕ್ ತೋರಣ ಕಟ್ಟಿದ ಹಾಗೆ.

ಗ್ರಾಫಿಕ್ಸ್ ಕಾರ್ಡಿನ ಲೆಕ್ಕ

ಮುಂಬೈಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಹೊಸ ಕಾರ್ಡ್ ವಿಚಾರಿಸುವ ಮುಂಚೆ ಈ ಗುಣಾಕಾರ ಮಾಡಿ. 4ಕೆ ಟೆಕ್ಸ್ಚರ್ (ಮಾದರಿಗೆ ಹೊದಿಸುವ ಚಿತ್ರ) ಎಂದರೆ 4096 ಗುಣಿಸು 4096 ಪಿಕ್ಸೆಲ್. ಬಿಸಿ7 ಪದ್ಧತಿಯಲ್ಲಿ ಕುಗ್ಗಿಸಿದರೆ ಪಿಕ್ಸೆಲ್ಲಿಗೆ ಒಂದು ಬೈಟ್, ಅಂದರೆ 16 ಎಂಬಿ. ದೂರಕ್ಕೆ ಬಳಸುವ ಚಿಕ್ಕ ಪ್ರತಿಗಳು ಸೇರಿ ಸುಮಾರು 21. ಬಣ್ಣ, ಉಬ್ಬುತಗ್ಗು, ಹೊಳಪು ಎಂದು ಒಂದೊಂದು ವಸ್ತುವಿಗೆ ಮೂರು ಹಾಳೆ, ಒಟ್ಟು 64 ಎಂಬಿ. ಇಂಥ ಐವತ್ತು ಜೊತೆ ಇದ್ದರೆ 3.2 ಜಿಬಿ. 8 ಜಿಬಿ ಕಾರ್ಡಿನಲ್ಲಿ ವಿಮಾನ, ಮೋಡ, ಊರು ಎಲ್ಲ ಉಳಿದದ್ದರಲ್ಲಿ ಹಿಡಿಯಬೇಕು. ಹಿಡಿಯದಿದ್ದಾಗ ಫ್ರೇಮ್ ಸಂಖ್ಯೆ ಕುಸಿಯುವುದಕ್ಕೂ ಮೊದಲು ಐನೂರು ಅಡಿಯಲ್ಲಿ ಒಂದು ಕ್ಷಣ ಚಿತ್ರ ನಿಂತು ಹೋಗುತ್ತದೆ. ಫ್ಲೇರ್‌ಗೆ ಕೆಲವೇ ಸೆಕೆಂಡು ಮುಂಚೆ. ‘8ಕೆ ಟೆಕ್ಸ್ಚರ್’ ಎಂದು ಹೆಮ್ಮೆಯಿಂದ ಬರೆದಿದ್ದರೆ ಮೇಲಿನದನ್ನೆಲ್ಲ ನಾಲ್ಕರಿಂದ ಗುಣಿಸಿ. ಟರ್ಮಿನಲ್ ಒಳಾಂಗಣ ಬಿಡಿಸುವ ಆಯ್ಕೆ, 2ಕೆ ಟೆಕ್ಸ್ಚರಿನ ಆಯ್ಕೆ ಇಲ್ಲದ ಪ್ಯಾಕನ್ನು ಮಧ್ಯಮ ಕಂಪ್ಯೂಟರಿನವರು ಮುಟ್ಟದಿರುವುದೇ ಒಳ್ಳೆಯದು.

ಅಳೆಯುವ ಕ್ರಮ ಹೀಗೆ. ಅದೇ ವಿಮಾನ, ಅದೇ ಸ್ಟ್ಯಾಂಡ್, ಅದೇ ಗಂಟೆ, ನಿರ್ಮಲ ಆಕಾಶ, ಟ್ರಾಫಿಕ್ ಸೊನ್ನೆ. ಮೊದಲು ಪ್ಯಾಕ್ ಇಲ್ಲದೆ, ಆಮೇಲೆ ಪ್ಯಾಕ್ ಹಾಕಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಡೆವಲಪರ್ ಮೋಡ್ ಹಚ್ಚಿದರೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಜೊತೆಗೆ ಮೇನ್ ಥ್ರೆಡ್ (ಪ್ರೊಸೆಸರಿನ ಮುಖ್ಯ ಕೆಲಸ) ತಡೆಯುತ್ತಿದೆಯೋ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ತಡೆಯುತ್ತಿದೆಯೋ ಬರೆದಿರುತ್ತದೆ. ಮೊದಲ ಸುತ್ತು ಸೆಸ್ನಾದಲ್ಲಿ ಮಾಡಿ. ಭಾರಿ ಏರ್‌ಲೈನರಿನ ಏವಿಯಾನಿಕ್ಸ್ ಆಗಲೇ ಮೇನ್ ಥ್ರೆಡ್ ತಿಂದಿರುವುದರಿಂದ ಪ್ಯಾಕಿನ ಭಾರ ಅದರಲ್ಲಿ ಮುಚ್ಚಿಹೋಗುತ್ತದೆ. ಎಫ್‌ಪಿಎಸ್ ಶೇಕಡ 15ರೊಳಗೆ ಇಳಿದರೆ ಮುಂಬೈಯಂಥ ಏರ್‌ಪೋರ್ಟಿಗೆ ನ್ಯಾಯ. ಮೂವತ್ತು ಇಳಿದರೆ ಮಾದರಿಗಳಿಗೆ ದೂರದ ಹಗುರ ರೂಪ, ಅಂದರೆ ಎಲ್‌ಒಡಿ, ಮಾಡಿಲ್ಲ. ಐದು ಕಿಲೋಮೀಟರ್ ದೂರದಿಂದಲೂ ಲಗೇಜ್ ಗಾಡಿಯ ಚಕ್ರದ ನಟ್ಟು ಬರೆಯಲಾಗುತ್ತಿದೆ.

ಹಾಕುವಾಗ ಎಡವುವ ಜಾಗ ಎರಡು. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಜಿಪ್ ಬಿಚ್ಚಿದಾಗ ಫೋಲ್ಡರಿನೊಳಗೆ ಫೋಲ್ಡರ್ ಆಗುತ್ತದೆ. ಮ್ಯಾನಿಫೆಸ್ಟ್, ಲೇಔಟ್ ಎಂಬ ಎರಡು ಜೇಸನ್ ಫೈಲುಗಳು ಕಮ್ಯುನಿಟಿ ಫೋಲ್ಡರಿನಿಂದ ಒಂದೇ ಮೆಟ್ಟಿಲ ಕೆಳಗೆ ಇರಬೇಕು, ಎರಡು ಮೆಟ್ಟಿಲಾದರೆ ಸಿಮ್‌ಗೆ ಕಾಣುವುದಿಲ್ಲ. ಫ್ರೀವೇರ್ (ಉಚಿತ) ಮುಂಬೈ ಹಾಕಿದ್ದು ಮರೆತು ಮೇಲೆ ಪೇವೇರ್ (ದುಡ್ಡಿನ) ಮುಂಬೈ ಹಾಕಿದರೆ ಎರಡು ಜೊತೆ ಟ್ಯಾಕ್ಸಿ ಗೆರೆ, ಏರೋಬ್ರಿಡ್ಜಿನೊಳಗೆ ಏರೋಬ್ರಿಡ್ಜ್. ಎಕ್ಸ್–ಪ್ಲೇನ್ 12 ಎಂಬ ಇನ್ನೊಂದು ಸಿಮ್‌ನಲ್ಲಿ ಕೆಲಸವೆಲ್ಲ ಸೀನರಿ ಪ್ಯಾಕ್ಸ್ ಎಂಬ ಐಎನ್‌ಐ ಫೈಲಿನ ಸಾಲುಗಳ ಕ್ರಮದಲ್ಲಿದೆ. ನೀವು ಹಾಕಿದ ಏರ್‌ಪೋರ್ಟ್ ಮೇಲೆ, ಅದರ ಕೆಳಗೆ ಗ್ಲೋಬಲ್ ಏರ್‌ಪೋರ್ಟ್ಸ್ ಸಾಲು, ಅದರ ಕೆಳಗೆ ಆರ್ಥೋ, ಎಲ್ಲಕ್ಕಿಂತ ಕೆಳಗೆ ಮೆಶ್. ಮೆಶ್ ಮೇಲೆ ಹೋಯಿತೆಂದರೆ ಆರ್ಥೋ ಮಾಯ. ಎಕ್ಸ್–ಪ್ಲೇನ್ 11ಕ್ಕೆ ಮಾಡಿದ ಪ್ಯಾಕ್ 12ರಲ್ಲಿ ತೆರೆಯುತ್ತದೆ, ಆದರೆ ರಾತ್ರಿ ದೀಪದ ಪ್ರಖರತೆ, ಮಳೆಯ ಒದ್ದೆ ಎರಡೂ ಹೊಂದುವುದಿಲ್ಲ.

ಪುಣೆ

ಲೋಹಗಾಂವ್, ವಿಎಪಿಒ. ಒಡೆಯರು ವಾಯುಪಡೆ, ನಾಗರಿಕ ವಿಮಾನಗಳು ಬಾಡಿಗೆದಾರರು. 10/28 ರನ್‌ವೇ 2,535 ಮೀಟರ್. ಸಮುದ್ರಮಟ್ಟದ ಮುಂಬೈಗೆ ಹೋಲಿಸಿದರೆ ಎರಡು ಸಾವಿರ ಅಡಿ ಮೇಲೆ, ಬೇಸಿಗೆಯಲ್ಲಿ ತುಂಬಿದ ಎ321ಕ್ಕೆ ಉದ್ದ ಬಿಗಿಯಾಗುತ್ತದೆ. ಹಾಗಾಗಿ ಇಲ್ಲಿ ಉದ್ದ ನೂರು ಮೀಟರ್ ತಪ್ಪಿದರೆ ನಿಮ್ಮ ಟೇಕಾಫ್ ಲೆಕ್ಕವೇ ತಪ್ಪಿತು.

ಪುಣೆ ಪ್ಯಾಕಿನಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ: ಹೊಸ ಟರ್ಮಿನಲ್ ಇದೆಯೇ? ಅದು ಪ್ರಯಾಣಿಕರಿಗೆ ತೆರೆದದ್ದು 2024ರ ಜುಲೈನಲ್ಲಿ. ಅದಕ್ಕೂ ಮುಂಚಿನ ಪ್ಯಾಕ್‌ಗಳಲ್ಲಿ ಹಳೆಯದೊಂದೇ ಇರುತ್ತದೆ, ಸ್ಟ್ಯಾಂಡ್ ಸಂಖ್ಯೆಗಳೂ ಹಳೆಯವು. ಮಿಲಿಟರಿ ಕಡೆ ಹೆಚ್ಚು ನಿರೀಕ್ಷೆ ಬೇಡ. ಫೋಟೊ ತೆಗೆಯುವ ಹಾಗಿಲ್ಲದ ಜಾಗವನ್ನು ಮಾಡುವವರಿಗೆ ಆಧಾರವಾಗಿ ಸಿಗುವುದು ಮೇಲಿನಿಂದ ತೆಗೆದ ಚಿತ್ರ ಮಾತ್ರ. ಸುಖೋಯ್ ಶೆಲ್ಟರ್‌ಗಳು ಮಣ್ಣಿನ ದಿಬ್ಬದಂತಿದ್ದರೆ ಅಷ್ಟಕ್ಕೇ ತೃಪ್ತಿಪಡಿ. ಇಲ್ಲಿಗೆ ಒಳ್ಳೆಯ ಫ್ರೀವೇರ್ ಸಿಕ್ಕರೆ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ.

ಗೋವಾ, ಎರಡೂ

ದಾಬೋಲಿಂ, ಅಂದರೆ ವಿಒಜಿಒ, ಐಎನ್‌ಎಸ್ ಹನ್ಸ ನೌಕಾನೆಲೆಯೊಳಗಿದೆ. ಇಲ್ಲಿ ನೆಲದ ಆಕಾರವೇ ಎಲ್ಲ. 08/26 ರನ್‌ವೇ ಮುರಕಲ್ಲಿನ ಪ್ರಸ್ಥಭೂಮಿಯ ಮೇಲಿದೆ, ಪಶ್ಚಿಮದ ತುದಿ ದಾಟಿದರೆ ನೆಲ ಕಡಲಿಗೆ ಇಳಿಯುತ್ತದೆ. ಕಡಲ ಕಡೆಯಿಂದ 08ಕ್ಕೆ ಬರುವಾಗ ಎದುರಿಗೆ ಆ ಏರು ಕಾಣಬೇಕು, ಅದರ ಮೇಲಂಚಿನಲ್ಲಿ ಥ್ರೆಶೋಲ್ಡ್. ಪ್ಯಾಕ್‌ಗಳು ಸೋಲುವುದು ಇಲ್ಲೇ. ರನ್‌ವೇ ಸಪಾಟು ಮಾಡಲು ಸುತ್ತ ಒಂದು ಚೌಕ ಎಳೆದು ಅದನ್ನೆಲ್ಲ ಒಂದೇ ಎತ್ತರಕ್ಕೆ ತರುತ್ತಾರೆ. ಚೌಕದ ಅಂಚಿನಿಂದ ಸಹಜ ನೆಲಕ್ಕೆ ಇಳಿಯಲು ಸಾಕಷ್ಟು ಅಂತರ ಕೊಡದಿದ್ದರೆ ಪ್ರಸ್ಥಭೂಮಿ ಚಾಕುವಿನಿಂದ ಕೊಯ್ದ ಮೈಸೂರುಪಾಕಿನಂತೆ ನೇರ ಗೋಡೆಯಾಗುತ್ತದೆ. ಬೈನಾ, ವಾಸ್ಕೋ ಕಡೆಯ ಕನ್ನಡಿಗರಿಗೆ ಆ ಇಳಿಜಾರಿನ ಪರಿಚಯ ಇರುವುದರಿಂದ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ.

ನೌಕಾಪಡೆಯ ಕಡೆ ಒಂದು ವಸ್ತು ಮಾತ್ರ ಹುಡುಕಿ: ವಿಮಾನವಾಹಕ ನೌಕೆಯ ಅಭ್ಯಾಸಕ್ಕೆಂದು ನೆಲದ ಮೇಲೇ ಕಟ್ಟಿದ ಸ್ಕೀ ಜಂಪ್ ಇಳಿಜಾರು. ನೌಕಾ ತೇಜಸ್ ಜಿಗಿದು ಹಾರಲು ಕಲಿತದ್ದು ಅದರ ಮೇಲಿನಿಂದ. ಅದನ್ನು 3ಡಿಯಲ್ಲಿ ಮಾಡಿ, ಮೇಲೆ ಚಕ್ರ ನಿಲ್ಲುವ ಹಾಗೆ ಮಾಡಿದ್ದರೆ ಪ್ಯಾಕ್ ಮಾಡಿದವರಿಗೆ ಈ ಜಾಗದ ಮೇಲೆ ಪ್ರೀತಿ ಇದೆ. ಚಿತ್ರವಾಗಿ ನೆಲಕ್ಕೆ ಅಂಟಿಸಿದ್ದರೆ ಇಲ್ಲ.

ಮೋಪಾ, ವಿಒಜಿಎ, 2023ರ ಜನವರಿಯಲ್ಲಿ ಹಾರಾಟ ಶುರುಮಾಡಿತು, ರನ್‌ವೇ 3,500 ಮೀಟರ್. ಇಲ್ಲಿ ಸಮಸ್ಯೆ ಚೆಂದದ್ದಲ್ಲ, ಅಸ್ತಿತ್ವದ್ದು. ಹಳೆಯ ಸಿಮ್ ದತ್ತಾಂಶಕ್ಕೆ ಈ ಏರ್‌ಪೋರ್ಟೇ ಗೊತ್ತಿಲ್ಲ. ಪ್ಯಾಕ್ ಹಾಕಿದರೆ ರನ್‌ವೇ ಬರುತ್ತದೆ, ಆದರೆ ವಿಮಾನದ ಎಫ್‌ಎಂಸಿಯಲ್ಲಿ (ದಾರಿ ಲೆಕ್ಕ ಹಾಕುವ ಕಂಪ್ಯೂಟರಿನಲ್ಲಿ) ಕೋಡ್ ಒತ್ತಿದರೆ ಸಿಗುವುದಿಲ್ಲ. ಎರಡೂ ಬೇರೆ ಬೇರೆ ದತ್ತಾಂಶ ನೋಡುತ್ತವೆ. ನ್ಯಾವ್‌ಡೇಟಾ ಹೊಸದು ಮಾಡಿದ ಮೇಲಷ್ಟೇ ಅಪ್ರೋಚ್‌ಗಳು ಬರುತ್ತವೆ. ಉಚಿತ ಪ್ಯಾಕ್ ಖರೀದಿಸಿದ್ದಕ್ಕಿಂತ ಬೇಗ ಬರುವುದು ಇಂಥ ಹೊಸ ಜಾಗಗಳಿಗೇ.

ಗೋವಾದಿಂದ ಹುಬ್ಬಳ್ಳಿಗೆ ಟರ್ಬೊಪ್ರಾಪಿನಲ್ಲಿ ಹೋಗುವ ಆಸೆ ಇದ್ದವರು ಮೊದಲ ದುಡ್ಡನ್ನು ಘಟ್ಟದ ಮೆಶ್‌ಗೆ ಹಾಕಿ. ದೂಧ್‌ಸಾಗರದ 310 ಮೀಟರ್ ಬೀಳು ಬರೀ ಇಳಿಜಾರಾಗಿ ಕಂಡರೆ ಟರ್ಮಿನಲ್ ಎಷ್ಟು ಚೆನ್ನಾಗಿದ್ದೇನು.

ನವಿ ಮುಂಬೈ

2025ರ ಡಿಸೆಂಬರ್ 25ರಂದು ವಿಮಾನ ಸಂಚಾರ ಆರಂಭವಾದ ಉಲ್ವೆಯ ಏರ್‌ಪೋರ್ಟು ಸೀನರಿ ಮಾಡುವವರಿಗೆ ಕಗ್ಗಂಟು. ಅಲ್ಲಿ ಮೊದಲು ಬೆಟ್ಟವಿತ್ತು. ಅದನ್ನು ಕಡಿದು, ಉಲ್ವೆ ನದಿಯ ದಾರಿ ತಿರುಗಿಸಿ, ತಗ್ಗು ತುಂಬಿಸಿ ನೆಲ ಮಾಡಿದ್ದಾರೆ. ಸಿಮ್‌ನ ಎತ್ತರದ ದತ್ತಾಂಶ ಬೆಟ್ಟ ಕಡಿಯುವ ಮುಂಚಿನದಾಗಿದ್ದರೆ ಅದರಲ್ಲಿ ಬೆಟ್ಟ ಇನ್ನೂ ನಿಂತೇ ಇರುತ್ತದೆ. ಬರೀ ರನ್‌ವೇ ಕೂರಿಸಿದ ಪ್ಯಾಕಿನಲ್ಲಿ ಡಾಂಬರು ಬೆಟ್ಟ ಹತ್ತಿ ಇಳಿಯುತ್ತದೆ. ಸಪಾಟು ಮಾಡಿದ ಪ್ಯಾಕಿನಲ್ಲೂ ಬೇಲಿಯಂಚಿನಲ್ಲಿ ಉಳಿದರ್ಧ ಬೆಟ್ಟ ಗೋಡೆಯಂತೆ ಎದ್ದಿರಬಹುದು, ಹಳೆಯ ನದಿಯ ನೀರು ಏಪ್ರನ್ ಮೇಲೆ ಹರಿಯಬಹುದು. ಇಲ್ಲಿ ಕಮಲದಾಕಾರದ ಟರ್ಮಿನಲ್ ಚಿತ್ರ ನೋಡಿ ಮರುಳಾಗಬೇಡಿ. ಮಾರುವವರ ಪುಟದಲ್ಲಿ ‘ಟೆರಾಫಾರ್ಮಿಂಗ್’ (ನೆಲದ ಆಕಾರ ತಿದ್ದುವುದು), ‘ವಾಟರ್ ಮಾಸ್ಕ್’ ಎಂಬ ಎರಡು ಮಾತು ಇಲ್ಲದಿದ್ದರೆ ಒಂದು ಅಪ್‌ಡೇಟ್ ಬರುವ ತನಕ ಕಾಯಿರಿ.

ಖರೀದಿಯ ಬಗ್ಗೆ: ಬೆಲೆ ಹೆಚ್ಚಾಗಿ ಯೂರೋ ಅಥವಾ ಡಾಲರಿನಲ್ಲಿರುತ್ತದೆ, ಅದರ ಮೇಲೆ ತೆರಿಗೆ, ಬ್ಯಾಂಕಿನ ವಿನಿಮಯ ಶುಲ್ಕ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿರದಿದ್ದರೆ ಪಾವತಿ ತಿರಸ್ಕಾರವಾಗುತ್ತದೆ, ಬ್ಯಾಂಕ್ ಆ್ಯಪಿನಲ್ಲಿ ಮಿತಿ ಹಾಕಿ ಆನ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ. ಡೌನ್‌ಲೋಡ್ ಆದ ಮೇಲೆ ದುಡ್ಡು ವಾಪಸ್ ಕೊಡುವ ಅಂಗಡಿ ಕಡಿಮೆ. ಆದ್ದರಿಂದ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಮೊದಲು ಓದಿ: ಕೊನೆಯ ಅಪ್‌ಡೇಟ್ ಯಾವಾಗ, ಅದರಲ್ಲಿ ರನ್‌ವೇ, ಟ್ಯಾಕ್ಸಿವೇ, ಎತ್ತರ ಎಂಬ ಮಾತುಗಳು ಬರುತ್ತವೆಯೇ, ಅಥವಾ ಬರೀ ‘ಹೊಸ ಒಳಾಂಗಣ’ವೇ. ಮೈಕ್ರೋಸಾಫ್ಟಿನ 2020ರ ಸಿಮ್‌ಗೆ ಮಾಡಿದ್ದು 2024ರ ಸಿಮ್‌ನಲ್ಲಿ ಬಹುಮಟ್ಟಿಗೆ ನಡೆಯುತ್ತದೆ, ಆದರೂ ಒಂದೇ ದುಡ್ಡಿಗೆ ಎರಡೂ ಆವೃತ್ತಿ ಸಿಗುತ್ತದೆಯೇ ಎಂದು ಕೇಳಿ. ಇನ್‌ಸ್ಟಾಲರ್ ಫೈಲಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿ. ಮಾರುವ ಅಂಗಡಿ ಮುಚ್ಚಿದರೆ ಡೌನ್‌ಲೋಡ್ ಕೊಂಡಿಯೂ ಅದರ ಜೊತೆಗೇ ಹೋಗುತ್ತದೆ.